ಮಲೆನಾಡಿನ ಕಾನುಗಳ ಚರಿತ್ರೆ

ಚರಿತ್ರೆಯೆಂದೊಡನೆ ಅರಸರ ವಂಶಾವಳಿ, ಯುದ್ಧಗಳು, ದಾನಶಾಸನಗಳು, ದೇವಾಲಯಗಳ ಮತ್ತು ಮಠಗಳ ನಿರ್ಮಾಣ ಮೊದಲಾದ ವಿಷಯಗಳು ನಮ್ಮ ಮನಸ್ಸಿಗೆ ಬರುವುದು ಸಹಜವಾಗಿದೆ. ಆದರೆ ಅರಸರು ಆಳಿದ ಭೂಮಿಗೂ ಒಂದು ಚರಿತ್ರೆಯುಂಟು. ಯಾವ ನೆಲವು ಗದ್ದೆಯಾಯಿತು, ಯಾವ ನೆಲವು ಕಾಡಾಗಿಯೇ ಉಳಿಯಿತು, ಹಾಗೆ ಉಳಿಸಿಕೊಂಡವರು ಯಾರು, ಯಾವ ಕಾರಣದಿಂದ ಉಳಿಸಿಕೊಂಡರು, ಮುಂದೆ ಅದು ಏತಕ್ಕಾಗಿ ಅಳಿಯತೊಡಗಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಹೊರಟರೆ, ರಾಜರ ಚರಿತ್ರೆಯಲ್ಲಿ ಕಾಣದ ಅನೇಕ ಸಂಗತಿಗಳು ಗೋಚರವಾಗುವುವು. ಈ ಮಹೋತ್ಸವ ಸಂಪುಟವನ್ನು ಓದುವ ಭಕ್ತರಲ್ಲಿಯೂ ಶಿಷ್ಯರಲ್ಲಿಯೂ ಬಹುಮಂದಿ ಒಕ್ಕಲುತನದಿಂದ ಜೀವಿಸತಕ್ಕವರಾದುದರಿಂದ, ಅವರ ಜೀವನಕ್ಕೆ ಹತ್ತಿರವಾದ ಇಂಥದೊಂದು ಚರಿತ್ರೆಯನ್ನು, ಅಂದರೆ ಮಲೆನಾಡಿನ ಕಾನುಗಳ ಚರಿತ್ರೆಯನ್ನು, ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದೆ.

ಬಯಲುಸೀಮೆಯ ವಾಚಕರು ಇದು ತಮಗೆ ಸಂಬಂಧಪಡದ ವಿಷಯವೆಂದು ಭಾವಿಸಬಾರದು. ಸಾಗರದ ಸಮೀಪದಲ್ಲಿರುವ ವರದಾಮೂಲದಲ್ಲಿ ಹುಟ್ಟುವ ವರದಾನದಿಯು ಸೊರಬದ ಸೀಮೆಯನ್ನೂ ಬನವಾಸಿಯನ್ನೂ ದಾಟಿ, ಹಾವೇರಿಯ ಬಯಲಿನಲ್ಲಿ ಹರಿದು, ಗಳಗನಾಥದ ಬಳಿಯಲ್ಲಿ ತುಂಗಭದ್ರೆಯನ್ನು ಕೂಡುವುದು. ಮಲೆಯ ಮೇಲಿನ ಕಾನಿನ ಬೇರುಗಳಲ್ಲಿ ನಿಂತ ನೀರು ಬಯಲಿನ ಒಕ್ಕಲಿಗನ ಹೊಲದ ಅಂಚಿನಲ್ಲಿ ಹರಿಯುವುದೆಂಬುದನ್ನು ನೆನೆದರೆ, ಕಾನಿನ ಕ್ಷೇಮವು ಇಬ್ಬರಿಗೂ ಸಮಾನವಾದದ್ದೆಂದು ತಿಳಿಯುವುದು.

ಕಾನಿನ ಸ್ವರೂಪ

ಪಟ್ಟಣವಾಸಿಗಳಿಗೆ ಕಾಡೆಂದರೆ ಎಲ್ಲವೂ ಕಾಡೇ. ಮಲೆನಾಡಿನ ಒಕ್ಕಲಿಗನಿಗೆ ಹಾಗಲ್ಲ. ಅವನ ಮಾತಿನಲ್ಲಿ ಕಾಡು ಬೇರೆ, ಕಾನು ಬೇರೆ. ಬೇಸಗೆಯಲ್ಲಿ ಎಲೆಯುದುರಿಸಿ ಬರಿದಾಗಿ ನಿಲ್ಲುವ ಮರಗಳುಳ್ಳದ್ದು ಕಾಡು. ವರ್ಷವಿಡೀ ಹಸುರಾಗಿದ್ದು, ಹಗಲಿನಲ್ಲಿಯೂ ಬಿಸಿಲು ನೆಲಕ್ಕೆ ಬೀಳದಂತೆ ದಟ್ಟವಾಗಿ ಹಬ್ಬಿದ್ದು ಕಾನು. ಸುತ್ತಲೂ ಎಲೆಯುದುರುವ ಕಾಡೋ ಹುಲ್ಲುಬಯಲೋ ಇದ್ದು, ನಡುವೆ ದ್ವೀಪದಂತೆ ಕಾನುಗಳು ನಿಂತಿರುವುದು ಸೊರಬ, ಸಾಗರ, ಸಿದ್ದಾಪುರ, ಶಿರಸಿ ತಾಲ್ಲೂಕುಗಳ ವೈಶಿಷ್ಟ್ಯವಾಗಿದೆ. ಅನೇಕ ಕಾನುಗಳಲ್ಲಿ ಗ್ರಾಮದೇವತೆಯ ಅಥವಾ ಭೂತದ ಸ್ಥಾನವಿರುವುದುಂಟು. ಹಳ್ಳಗಳ ಹುಟ್ಟೂ ಸಾಮಾನ್ಯವಾಗಿ ಅಲ್ಲಿಯೇ.

ಕಾನು ಮನುಷ್ಯನು ಕಾಲಿಡದ ಅರಣ್ಯವೆಂದು ತಿಳಿಯುವುದು ತಪ್ಪು. ಕಾಳುಮೆಣಸು, ಏಲಕ್ಕಿ, ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ, ಮುರುಗಲು, ಹಲಸು, ಧೂಪ, ಜೇನು ಮುಂತಾದವುಗಳು ಅಲ್ಲಿಂದ ಊರಿಗೆ ಬರುತ್ತಿದ್ದವು. ಬೈನೆಮರದಿಂದ ಕಳ್ಳನ್ನು ಇಳಿಸುವವರಿದ್ದರು. ಬರಗಾಲದಲ್ಲಿ ಅದೇ ಮರದ ತಿರುಳಿನ ಹಿಟ್ಟು ಬಡವರ ಹೊಟ್ಟೆಯನ್ನು ತುಂಬಿಸುತ್ತಿದ್ದಿತು. ಇವೆಲ್ಲವನ್ನೂ ಪಡೆಯಬೇಕಾದರೆ ಮರವು ನಿಂತಿರಬೇಕು. ಮೆಣಸಿನ ಬಳ್ಳಿಗೆ ಆಧಾರವಾದ ಮರವನ್ನು ಕಡಿದವನಿಗೆ ಒಂದು ಸಲದ ಸೌದೆ ದೊರೆಯುವುದು. ಉಳಿಸಿದವನಿಗೆ ವರ್ಷವರ್ಷವೂ ಫಲ ದೊರೆಯುವುದು. ಕಾನಿನ ರಕ್ಷಣೆಗೆ ಭಕ್ತಿಯಷ್ಟೇ ಈ ಲೆಕ್ಕವೂ ಕಾರಣವಾಗಿತ್ತು.

ಕಾನು ತಾನೊಂದೇ ನಿಂತುದಲ್ಲ. ಮಲೆನಾಡಿನ ಒಂದು ಗ್ರಾಮವನ್ನು ನೋಡಿದರೆ, ಕಣಿವೆಯ ತಗ್ಗಿನಲ್ಲಿ ಭತ್ತದ ಗದ್ದೆ, ಅದರ ಮೇಲಣ ತಂಪಾದ ಕೊಳ್ಳದಲ್ಲಿ ಅಡಕೆಯ ತೋಟ, ತೋಟದ ನೆತ್ತಿಯಲ್ಲಿ ಕೆರೆ, ಇಳಿಜಾರಿನಲ್ಲಿ ತೋಟಕ್ಕೆ ಸೊಪ್ಪನ್ನೂ ತರಗನ್ನೂ ಒದಗಿಸುವ ಸೊಪ್ಪಿನಬೆಟ್ಟ, ದನಗಳು ಮೇಯುವ ಬ್ಯಾಣ, ಅವೆಲ್ಲಕ್ಕೂ ಮೇಲೆ ಅಥವಾ ನಡುವೆ ಕಾನು, ಹೀಗೆ ಒಂದಕ್ಕೊಂದು ಹೊಂದಿಕೊಂಡ ನೆಲದ ಪಂಕ್ತಿಯು ಕಾಣುವುದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟಕ್ಕೆ ಹೋಗುವುದು. ಕಾನಿನ ಒರತೆ ಕೆರೆಯನ್ನು ತುಂಬುವುದು. ಕೆರೆಯ ನೀರು ತೋಟವನ್ನು ದಾಟಿ ಗದ್ದೆಗೆ ಇಳಿಯುವುದು. ಈ ಪಂಕ್ತಿಯಲ್ಲಿ ಒಂದು ಕೊಂಡಿ ಕಳಚಿದರೆ ಉಳಿದವು ಸಡಿಲವಾಗುವುವೆಂಬುದು ಮುಂದಿನ ಚರಿತ್ರೆಯಿಂದ ಸ್ಪಷ್ಟವಾಗುವುದು.

ಪ್ರಾಚೀನ ಕಾಲ

ಅರಣ್ಯವನ್ನೂ ಬೇಸಾಯವನ್ನೂ ಒಟ್ಟಿಗೆ ಚಿಂತಿಸುವುದು ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ಮೈಸೂರಿನ ಪಂಡಿತರಾದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕಂಡುಹಿಡಿದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಅರಣ್ಯದ ಉತ್ಪನ್ನಗಳನ್ನು ನೋಡಿಕೊಳ್ಳುವ ಕುಪ್ಯಾಧ್ಯಕ್ಷನೆಂಬ ಅಧಿಕಾರಿಗೆ ಪ್ರತ್ಯೇಕವಾದ ಅಧ್ಯಾಯವೇ ಇರುವುದು. ಕನ್ನಡದಲ್ಲಿ ೧೧ನೆಯ ಶತಮಾನದಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ಭೂಮಿಯೊಳಗಿನ ಜಲವನ್ನು ಅರಿಯುವ ವಿಧಾನವನ್ನೂ ವೃಕ್ಷಾಯುರ್ವೇದವನ್ನೂ ಒಂದೇ ಗ್ರಂಥದಲ್ಲಿ ಹೇಳುತ್ತದೆ. ಬನವಾಸಿಯ ಕದಂಬರ ಕಾಲದಲ್ಲಿಯಂತೂ ಕೆರೆಯ ನಿರ್ಮಾಣವು ರಾಜಧರ್ಮದ ಮುಖ್ಯಾಂಗವಾಗಿದ್ದಿತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕಾಕುತ್ಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿಯಲ್ಲಿ ಕೆರೆಯನ್ನು ಕಟ್ಟಿಸಿದನೆಂದು ತಿಳಿಸುವುದು. ಕೆರೆಯನ್ನು ಕಟ್ಟುವವನು ನೀರಿನ ಮೂಲವನ್ನು ಮರೆಯಲಾರನು. ಮಲೆನಾಡಿನಲ್ಲಿ ಆ ಮೂಲವೇ ಕಾನು.

ಕೆಳದಿಯ ಅರಸರ ಕಾಲ

೧೬ನೆಯ ಶತಮಾನದ ಆದಿಭಾಗದಿಂದ ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ಈ ಸೀಮೆಯನ್ನು ಆಳಿದವರು ಕೆಳದಿಯ ನಾಯಕರು. ವೀರಶೈವ ಮತಾವಲಂಬಿಗಳಾದ ಈ ಅರಸರು ಮಠಗಳಿಗೂ ದೇವಾಲಯಗಳಿಗೂ ಮಾಡಿದ ದಾನಧರ್ಮಗಳು ನಮ್ಮ ವಾಚಕರಿಗೆ ಸುವಿದಿತವಾಗಿವೆ. ಅವರಲ್ಲಿ ಬಸಪ್ಪನಾಯಕನು ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವು ವಿದ್ವಜ್ಜನರ ಮನ್ನಣೆಗೆ ಪಾತ್ರವಾಗಿದೆ.

ಈ ರಾಜ್ಯದ ಐಶ್ವರ್ಯಕ್ಕೆ ಮೂಲವಾದದ್ದು ಗದ್ದೆಯ ಅಕ್ಕಿ, ತೋಟದ ಅಡಕೆ ಮತ್ತು ಮಲೆಯ ಮೆಣಸು. ಪೋರ್ಚುಗೀಸರೂ, ಅವರ ತರುವಾಯ ಡಚ್ಚರೂ ಇಂಗ್ಲೀಷರೂ ಈ ತೀರದಲ್ಲಿ ಹಡಗುಗಳನ್ನು ನಿಲ್ಲಿಸಿ ಕಾದದ್ದು ಮುಖ್ಯವಾಗಿ ಆ ಮೆಣಸಿಗಾಗಿಯೇ. ೧೬೨೩ರಲ್ಲಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಪೋರ್ಚುಗೀಸರ ರಾಯಭಾರದೊಡನೆ ಬಂದವನಾಗಿದ್ದನು. ಮೆಣಸು ತೋಟದ ಅಡಕೆಮರದ ಮೇಲೆಯೂ ಬೆಳೆಯುವುದು, ಕಾನಿನ ಕಾಡುಮರದ ಮೇಲೆಯೂ ಬೆಳೆಯುವುದು. ಆದಕಾರಣ ಕಾನು ಅರಸನ ಬೊಕ್ಕಸಕ್ಕೆ ಹಣವನ್ನು ತರುವ ನೆಲವಾಗಿದ್ದಿತು.

ಶಿವಪ್ಪನಾಯಕನು (ಆಳ್ವಿಕೆ ೧೬೪೫–೧೬೬೦) ಏರ್ಪಡಿಸಿದ ಶಿಸ್ತೆಂಬ ಕಂದಾಯಕ್ರಮವು ಪ್ರಸಿದ್ಧವಾದದ್ದು. ಅವನು ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗಳಾಗಿ ವಿಂಗಡಿಸಿ, ಅನೇಕ ವರ್ಷಗಳ ಬೆಳೆಯನ್ನು ಪರೀಕ್ಷಿಸಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿಮಾಡಿದನೆಂದು ತಿಳಿದುಬರುತ್ತದೆ. ತೋಟಗಳಿಗೆ ಮರಗಳ ಎಣಿಕೆಯ ಮೇಲೆ ತೆರಿಗೆಯಿದ್ದಿತು. ಈ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದುಂಟು. ನೆಲದ ಶಕ್ತಿಯನ್ನು ಮೊದಲು ಅಳೆದು, ಆಮೇಲೆ ಅದರಿಂದ ಎಷ್ಟನ್ನು ಪಡೆಯಬಹುದೆಂಬುದನ್ನು ನಿರ್ಣಯಿಸಲಾಯಿತು. ಭೂಮಿಯ ಶಕ್ತಿಗೆ ಮೀರಿ ಕೇಳುವ ಅರಸನೂ ಒಕ್ಕಲಿಗನೂ ಕಡೆಗೆ ಇಬ್ಬರೂ ಕೆಡುವರೆಂಬ ತಿಳಿವಳಿಕೆಯು ಇದರಲ್ಲಿ ಅಡಗಿರುವುದು.

ಆ ಕಾಲವನ್ನು ಅತಿಯಾಗಿ ಹೊಗಳುವುದೂ ಸರಿಯಲ್ಲ. ಕಾನಿನ ಮತ್ತು ಬೆಟ್ಟದ ಹಕ್ಕು ಊರಿನ ಎಲ್ಲರಿಗೂ ಸಮನಾಗಿ ದೊರೆತಿರಲಿಲ್ಲ. ವರ್ಗದಾರನಾದ ಭೂಸ್ವಾಮಿಗೆ ಸಿಕ್ಕಿದಷ್ಟು ಪಾಲು ಅವನ ಗೇಣಿದಾರನಿಗೆ ಸಿಗುತ್ತಿರಲಿಲ್ಲ. ಇಳಿಜಾರಿನಲ್ಲಿ ಕುಮರಿ ಬೇಸಾಯವನ್ನು ಮಾಡಿಕೊಂಡಿದ್ದ ಬಡ ಜನರ ಹೆಸರು ಲೆಕ್ಕಪತ್ರಗಳಲ್ಲಿ ಕಾಣುವುದೇ ವಿರಳ. ಹೀಗಿದ್ದರೂ ಕಾನಿನ ಹತ್ತಿರವಿದ್ದವರಿಗೆ ಕಾನಿನ ಫಲದಲ್ಲಿ ಪಾಲೂ, ಅದನ್ನು ಕಾಯುವ ಹೊಣೆಯೂ, ಮಿತಿಮೀರಿದರೆ ದೈವದ ಮತ್ತು ಊರಿನ ಭಯವೂ ಇದ್ದವು. ಈ ಮೂರೂ ಒಟ್ಟಿಗೆ ಇದ್ದುದರಿಂದಲೇ ಕಾನುಗಳು ಉಳಿದವು ಎಂಬುದು ಈ ಲೇಖನದ ಮುಖ್ಯಾಭಿಪ್ರಾಯವು.

ಬುಕನನ್ನನ ಪ್ರವಾಸ

೧೭೯೯ರಲ್ಲಿ ಶ್ರೀರಂಗಪಟ್ಟಣವು ಇಂಗ್ಲೀಷರ ವಶವಾದ ತರುವಾಯ, ಹೊಸದಾಗಿ ಕೈಸೇರಿದ ದೇಶಗಳ ಸ್ಥಿತಿಗತಿಗಳನ್ನು ತಿಳಿದುಬರುವುದಕ್ಕಾಗಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ನಿಯಮಿಸಲ್ಪಟ್ಟನು. ೧೮೦೦–೧೮೦೧ರಲ್ಲಿ ಅವನು ಮಾಡಿದ ಪ್ರವಾಸದ ವೃತ್ತಾಂತವು ೧೮೦೭ರಲ್ಲಿ ಅಚ್ಚಾಯಿತು. ಸೋಂದೆ, ಬನವಾಸಿ, ಇಕ್ಕೇರಿ, ನಗರಗಳ ಮೇಲೆ ಹಾದುಹೋದ ಇವನು ಶಿಸ್ತಿನ ವಿವರವನ್ನೂ, ಮೆಣಸುಕಾನುಗಳ ಹೆಸರನ್ನೂ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಉತ್ತರ ಕನ್ನಡ ಸೀಮೆಯ ಕಾಡುಗಳ ವಿಷಯವಾಗಿ ಅವನು ತಿಳಿಸಿರುವ ಸಂಗತಿಯು ಬಹಳ ಮಹತ್ತ್ವದ್ದು. ಅರಣ್ಯವು ಗ್ರಾಮದ ದೇವರ ಸ್ವತ್ತೆಂದೂ, ದೇವರ ಪೂಜಾರಿಯೂ ಆಗಿರುವ ಗೌಡನ ಅನುಮತಿಯಿಲ್ಲದೆ ಮರವನ್ನು ಕಡಿಯಕೂಡದೆಂದೂ, ಈ ಅನುಮತಿಗಾಗಿ ದೇವರಿಗೆ ಯಾವ ಕಾಣಿಕೆಯೂ ಸಲ್ಲುವುದಿಲ್ಲವೆಂದೂ, ಕೇಳದೆ ಕಡಿದವನಿಗೆ ದೈವದ ಶಿಕ್ಷೆ ತಪ್ಪದೆಂದೂ ಜನರು ಅವನಿಗೆ ಹೇಳಿದರು. ಇದನ್ನು ಕೇಳಿದ ಬುಕನನ್ನನು, ಕಾಡಿನ ಮೇಲೆ ಸರಕಾರವು ಹಕ್ಕುಸಾಧಿಸದಂತೆ ಜನರು ಹೂಡಿದ ಉಪಾಯವೆಂದು ತೀರ್ಮಾನಿಸಿದನು. ಅವನ ತೀರ್ಮಾನವು ಅರ್ಧ ನಿಜವಾಗಿದ್ದರೂ ಇರಬಹುದು. ಆದರೆ ಕಾಣಿಕೆಯೂ ಇಲ್ಲದೆ ಕೇವಲ ಅನುಮತಿಯನ್ನು ಕೇಳಬೇಕೆಂಬ ಕಟ್ಟಳೆಯಿಂದ ಏನಾಗುತ್ತಿದ್ದಿತೆಂಬುದನ್ನು ಅವನು ವಿಚಾರಿಸಲಿಲ್ಲ. ಕೊಡಲಿಯನ್ನು ಎತ್ತುವುದಕ್ಕೆ ಮುಂಚೆ ಒಬ್ಬನು ಊರಿನ ಮುಂದೆ ನಿಂತು ತನಗೆ ಈ ಮರವು ಏತಕ್ಕೆ ಬೇಕೆಂಬುದನ್ನು ಹೇಳಬೇಕಾಗುತ್ತಿದ್ದಿತು. ಅವಶ್ಯಕತೆಗೂ ಆಶೆಗೂ ನಡುವಣ ಗೆರೆಯನ್ನು ಎಳೆಯುವುದಕ್ಕೆ ಇದಕ್ಕಿಂತ ಸುಲಭವಾದ ಏರ್ಪಾಡು ಬೇರೊಂದಿಲ್ಲ.

ಕಂಪೆನಿಯ ಮತ್ತು ಸಂಸ್ಥಾನದ ಕಾಲ

ಮರಕ್ಕೆ ಪೇಟೆಯಲ್ಲಿ ಬೆಲೆ ಬಂದೊಡನೆ ಕಾಡಿನ ಒಡೆತನದ ಪ್ರಶ್ನೆಯು ಎದ್ದಿತು. ಇದಕ್ಕೆ ಮುನ್ಸೂಚನೆಯಾಗಿ ೧೭೯೨ರಲ್ಲಿಯೇ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದನು. ತನ್ನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ತನ್ನದಲ್ಲವೆಂದಾದ ಮೇಲೆ, ಅದನ್ನು ಕಾಯುವ ಕಷ್ಟವನ್ನು ಒಕ್ಕಲಿಗನು ಏಕೆ ಹೊರುವನು? ಈ ನಿರ್ಬಂಧವು ಇನ್ನೂರು ವರ್ಷಗಳಷ್ಟು ಕಾಲ ನಡೆದುಬಂದು, ೨೦೦೧ರಲ್ಲಿ ಕರ್ನಾಟಕ ಸರಕಾರವು ಶಾಸನವನ್ನು ತಿದ್ದಿ ಭೂಮಿಯ ಒಡೆಯನಿಗೆ ಮರದ ಒಡೆತನವನ್ನು ಕೊಟ್ಟಿತು. ಅಷ್ಟರಲ್ಲಿ ಗಂಧದ ಗುಡಿಯೆನಿಸಿದ ನಾಡಿನಲ್ಲಿ ಗಂಧದ ಮರವು ಅಪೂರ್ವವಾಗಿಹೋಗಿದ್ದಿತು.

೧೮೬೦ರಲ್ಲಿ ಮದರಾಸು ಸರಕಾರವು ಸರಕಾರಿ ಕಾಡುಗಳಲ್ಲಿ ವಿಶೇಷಾನುಮತಿಯಿಲ್ಲದೆ ಕುಮರಿ ಬೇಸಾಯವನ್ನು ಮಾಡಕೂಡದೆಂದು ವಿಧಿಸಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿತು. ೧೮೬೪ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆಯು ಸ್ಥಾಪಿತವಾಯಿತು. ೧೮೬೫ ಮತ್ತು ೧೮೭೮ರ ಅರಣ್ಯಶಾಸನಗಳು ಬ್ರಿಟಿಷ್ ಇಂಡಿಯಾದ ಕಾಡುಗಳ ಮೇಲೆ ಸರಕಾರದ ಸ್ವಾಮ್ಯವನ್ನು ದೃಢಪಡಿಸಿದವು. ಹಡಗಿಗೂ ರೈಲುದಾರಿಗೂ ಬೇಕಾದ ತೇಗಕ್ಕೆ ಪ್ರಾಧಾನ್ಯವು ಬಂದುದರಿಂದ, ತೇಗವಿಲ್ಲದ ಕಾನುಗಳು ಅಧಿಕಾರಿಗಳ ಕಣ್ಣಿಗೆ ಅಷ್ಟು ಪ್ರಯೋಜನವುಳ್ಳವಾಗಿ ತೋರಲಿಲ್ಲ.

ಆದರೂ ಆ ಅಧಿಕಾರಿಗಳಲ್ಲಿ ಕೆಲವರು ವಿವೇಕಿಗಳು. ಭಾರತದ ಪ್ರಥಮ ಅರಣ್ಯಾಧೀಕ್ಷಕನಾದ ಡೀಟ್ರಿಚ್ ಬ್ರಾಂಡಿಸನು ಗ್ರಾಂಟನೊಡನೆ ಸೊರಬ ತಾಲ್ಲೂಕಿನ ಕಾನುಗಳನ್ನು ಪರಿಶೀಲಿಸಿ ೧೮೬೮ರಲ್ಲಿ ಒಪ್ಪಿಸಿದ ವರದಿಯಲ್ಲಿ, ಆ ಒಂದು ತಾಲ್ಲೂಕಿನಲ್ಲಿಯೇ ೧೭೧ ಕಾನುಗಳೂ, ಅವುಗಳ ವಿಸ್ತೀರ್ಣವು ಒಟ್ಟು ೩೨,೫೯೪ ಎಕರೆಗಳೂ ಇದ್ದುವೆಂದು ಲೆಕ್ಕವು ದೊರೆಯುತ್ತದೆ. ಉತ್ತರ ಕನ್ನಡದಲ್ಲಿ ಅರಣ್ಯಗಳ ಹಕ್ಕುಗಳನ್ನು ನಿರ್ಣಯಿಸಿದ ವಿಂಗೇಟನೆಂಬ ಅಧಿಕಾರಿಯು ೧೮೮೮ರಲ್ಲಿ, ಕಾನುಗಳು ಆರ್ಥಿಕವಾಗಿಯೂ ಹವೆಯ ದೃಷ್ಟಿಯಿಂದಲೂ ಬಹು ಮುಖ್ಯವಾದವೆಂದೂ, ಒರತೆಗಳಿಗೂ ಬತ್ತದ ತೊರೆಗಳಿಗೂ ಅವು ಪೋಷಕವಾಗಿರುವುವೆಂದೂ, ಬೆಲೆಯುಳ್ಳ ಸಂಬಾರದ ತೋಟಗಳು ನೆರಳನ್ನೂ ತಂಪನ್ನೂ ಅವುಗಳಿಂದಲೇ ಪಡೆಯುವುವೆಂದೂ ಬರೆದನು. ಹವೆಗೂ ಕಾಡಿಗೂ ಇರುವ ಸಂಬಂಧವು ಈಚಿನವರು ಕಲ್ಪಿಸಿದ ಮಾತೆಂದು ಹೇಳುವವರು ನೂರಮೂವತ್ತು ವರ್ಷಗಳಿಗೂ ಹಿಂದಿನ ಈ ಅಭಿಪ್ರಾಯವನ್ನು ಗಮನಿಸಬೇಕು.

ತೋಟಿಗರಿಗೆ ಸೊಪ್ಪಿನಬೆಟ್ಟದ ಸೌಲಭ್ಯವು ಉಳಿಯಿತು. ಉತ್ತರ ಕನ್ನಡದ ಘಟ್ಟದ ಮೇಲಣ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಗಳವರೆಗೂ ಬೆಟ್ಟವು ದೊರೆಯಿತು. ಆದರೆ ಆ ಬೆಟ್ಟಗಳೆಲ್ಲವೂ ಚೆನ್ನಾಗಿ ಉಳಿದವೆಂದು ಹೇಳುವಂತಿಲ್ಲ. ಮರದ ನೆತ್ತಿಯನ್ನು ಬಿಟ್ಟು ಕೆಳಗಣ ರೆಂಬೆಗಳನ್ನು ಮಾತ್ರ ಸವರಿದವರ ಬೆಟ್ಟವು ಇಂದಿಗೂ ಹಸುರಾಗಿರುವುದು. ವರ್ಷವರ್ಷವೂ ಬೋಳುಮಾಡಿದವರ ಬೆಟ್ಟವು ಕಲ್ಲುನೆಲವಾಯಿತು. ಹಕ್ಕೊಂದೇ ಸಾಲದೆಂಬುದಕ್ಕೆ ಇದೇ ನಿದರ್ಶನ. ಇದಕ್ಕೆ ಪ್ರತಿಯಾಗಿ, ಕುಮಟೆಯ ಬಳಿಯ ಹಳಕಾರಿನಲ್ಲಿ ೧೯೨೦ರ ದಶಕದಲ್ಲಿ ಗ್ರಾಮಸ್ಥರ ಕೈಗೇ ಒಪ್ಪಿಸಿದ ಗ್ರಾಮಾರಣ್ಯವು, ಊರವರೇ ಕಾವಲುಗಾರನನ್ನು ನೇಮಿಸಿಕೊಂಡು ತಮ್ಮ ಬಳಕೆಗೆ ತಾವೇ ಮಿತಿಯನ್ನು ಹಾಕಿಕೊಂಡುದರಿಂದ, ಜನನಿಬಿಡವಾದ ಕರಾವಳಿಯಲ್ಲಿಯೂ ಉಳಿದುಬಂದಿತು.

ಸ್ವಾತಂತ್ರ್ಯಾನಂತರ

ಸ್ವಾತಂತ್ರ್ಯವು ಬಂದ ಮೇಲೆ ದೇಶಕ್ಕೆ ಅನ್ನವೂ ವಿದ್ಯುಚ್ಛಕ್ತಿಯೂ ಕೈಗಾರಿಕೆಯೂ ಬೇಕಾದವು. ಇವುಗಳಲ್ಲಿ ಬಹುಭಾಗದ ಬೆಲೆಯನ್ನು ಮಲೆನಾಡು ತೆತ್ತಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಿಂದಲೇ ಮಲೆನಾಡಿನ ಮರದ ಇದ್ದಲಿನಿಂದ ನಡೆಯುತ್ತಿದ್ದಿತು. ೧೯೬೪ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಕಟ್ಟೆಯಿಂದ ಶರಾವತಿಯ ಕೊಳ್ಳದಲ್ಲಿ ಸುಮಾರು ೩೦೦ ಚದರ ಕಿಲೋಮೀಟರು ನೆಲವು ಮುಳುಗಿತು. ಮನೆಮಠಗಳನ್ನು ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ಬೇರೆ ಕಾಡುನೆಲಗಳಲ್ಲಿ ತಂದಿರಿಸಲಾಯಿತು. ನಾಡಿಗೆ ಬೆಳಕನ್ನು ಕೊಟ್ಟ ಈ ಜನರ ನೆಲದ ಹಕ್ಕಿನ ವಿವಾದವು ಅರವತ್ತು ವರ್ಷಗಳು ಕಳೆದರೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ. ಕಾಡನ್ನು ಉಳಿಸಬೇಕೆಂದು ಹೇಳುವವರು ಇವರನ್ನು ಮರೆತರೆ ಅದು ಧರ್ಮವೆನಿಸದು.

೧೯೫೭ರಲ್ಲಿ ಇನ್ನೊಂದು ವಿಪತ್ತು ತಲೆದೋರಿತು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅವುಗಳ ಬೆನ್ನಿಗೇ ಮನುಷ್ಯರಿಗೂ ಘೋರವಾದ ಜ್ವರವು ಬಂದಿತು. ಉಣ್ಣೆಗಳ ಮೂಲಕ ಹರಡುವ ಹೊಸ ವಿಷಾಣುವೊಂದು ಇದಕ್ಕೆ ಕಾರಣವೆಂದು ಗೊತ್ತಾಗಿ, ಈ ರೋಗಕ್ಕೆ ಕ್ಯಾಸನೂರು ಕಾಡಿನ ರೋಗವೆಂಬ ಹೆಸರೇ ಜಗತ್ತಿನಲ್ಲಿ ನಿಂತಿತು; ನಮ್ಮ ಜನರು ಇದನ್ನು ಮಂಗನ ಕಾಯಿಲೆಯೆನ್ನುವರು. ದಟ್ಟವಾದ ಕಾಡನ್ನು ಒಡೆದು ಗದ್ದೆಮಾಡಿ, ಅದರ ಅಂಚಿನಲ್ಲಿ ದನಗಳನ್ನು ಮೇಯಿಸತೊಡಗಿದಾಗ ಉಣ್ಣೆಗಳು ವೃದ್ಧಿಯಾಗಿ ಊರಿಗೂ ಕಾಡಿಗೂ ಸೇತುವೆಯಾದವೆಂಬುದು ಈ ರೋಗವನ್ನು ಅಭ್ಯಸಿಸಿದ ವಿಜ್ಞಾನಿಗಳ ವಿವರಣೆ. ಕಾಡು ಕೆಟ್ಟರೆ ಮಳೆಯೊಂದೇ ಕೆಡುವುದೆಂದು ತಿಳಿಯಬಾರದು. ಆರೋಗ್ಯವೂ ಕೆಡುವುದೆಂಬುದನ್ನು ಕಾನುಗಳ ಸೀಮೆಯೇ ಲೋಕಕ್ಕೆ ಕಲಿಸಿತು.

ಮುಂದೆ ಪ್ಲೈವುಡ್ಡು, ಬೆಂಕಿಕಡ್ಡಿ, ಕಾಗದ ಮುಂತಾದ ಕೈಗಾರಿಕೆಗಳಿಗಾಗಿ ಸಹಜಾರಣ್ಯದ ಮರಗಳು ಉರುಳಿದವು. ಅನೇಕ ಕಡೆಗಳಲ್ಲಿ ತೇಗದ, ನೀಲಗಿರಿಯ, ಅಕೇಶಿಯಾದ ನೆಡುತೋಪುಗಳು ಎದ್ದವು. ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗ್ರಾಮಸ್ಥರು, ಸ್ತ್ರೀಯರೂ ಸೇರಿ, ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಹಿಮಾಲಯದ ಚಿಪ್ಕೋ ಚಳವಳಿಯಿಂದ ಪ್ರೇರಣೆಯನ್ನು ಪಡೆದ ಈ ಅಪ್ಪಿಕೋ ಚಳವಳಿಯಲ್ಲಿ ಪಾಂಡುರಂಗ ಹೆಗಡೆಯವರು ಮುಂದಾಳುಗಳಾಗಿದ್ದರು. ಹಳ್ಳ ಬತ್ತುವುದನ್ನೂ ತೋಟ ಸೊರಗುವುದನ್ನೂ ಕಣ್ಣಾರೆ ಕಂಡ ಒಕ್ಕಲಿಗರೇ ಅಲ್ಲಿ ನಿಂತರೆಂಬುದು ಗಮನಾರ್ಹವಾಗಿದೆ. ದೇವರ ಅನುಮತಿಯನ್ನು ಕೇಳಬೇಕೆಂದು ಬುಕನನ್ನನಿಗೆ ಹೇಳಿದವರ ಸಂತತಿಯು, ಆ ಅನುಮತಿಯನ್ನು ಸರಕಾರವೂ ಕೇಳಬೇಕೆಂದು ಹೇಳಿದಂತಾಯಿತು.

ಕಾನು ಮತ್ತು ಕೆಟ್ಟ ಮಳೆಗಾಲ

ಈಗ ನಮ್ಮ ಕಣ್ಣೆದುರಿಗೆ ಋತುಗಳ ಕ್ರಮವೇ ತಪ್ಪುತ್ತಿದೆ. ಮಳೆಯು ಹದವಾಗಿ ನಾಲ್ಕು ತಿಂಗಳು ಸುರಿಯುವುದನ್ನು ಬಿಟ್ಟು, ಕೆಲವೇ ದಿನಗಳಲ್ಲಿ ಒಮ್ಮೆಲೇ ಬಿದ್ದು, ಆಮೇಲೆ ವಾರಗಟ್ಟಲೆ ಮರೆಯಾಗುವುದು. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಕುಸಿದವು. ೨೦೧೯ರ ಆಗಸ್ಟಿನಲ್ಲಿ ಮಲೆನಾಡೂ ಉತ್ತರ ಕರ್ನಾಟಕವೂ ಪ್ರವಾಹದಲ್ಲಿ ಮುಳುಗಿದವು. ೨೦೨೩ರಲ್ಲಿಯಾದರೋ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಎಡೆಬಿಡದ ಮಳೆಯಲ್ಲಿ ಅಡಕೆಗೆ ಕೊಳೆರೋಗವು ಹಿಂದಿನಿಂದಲೂ ಇದ್ದದ್ದೇ. ಮೈಸೂರಿನ ಕೃಷಿ ಇಲಾಖೆಯ ಕೋಲ್ಮನ್ನನು ೧೯೧೦ರಲ್ಲಿಯೇ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದನು. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿ ಮಲೆನಾಡಿನ ತೋಟಿಗರನ್ನು ಕಂಗೆಡಿಸಿದೆ.

ಇಂಥ ಕಾಲದಲ್ಲಿ ಕಾನಿನ ಬೆಲೆಯು ಹಿಂದಿಗಿಂತಲೂ ಹೆಚ್ಚಾಗಿರುವುದು. ಅಂತಸ್ತು ಅಂತಸ್ತಾಗಿರುವ ಎಲೆಗಳ ಮೇಲೆ ಬಿದ್ದ ಮಳೆಯು ವೇಗವನ್ನು ಕಳೆದುಕೊಂಡು ನೆಲಕ್ಕೆ ಇಳಿಯುವುದು. ಅಲ್ಲಿ ಮೊಣಕಾಲುದ್ದ ಬಿದ್ದಿರುವ ತರಗೂ, ಅದರ ಕೆಳಗಣ ಮೆತ್ತನೆಯ ಕಪ್ಪುಮಣ್ಣೂ ನೀರನ್ನು ಹೀರಿಕೊಂಡು, ಬೇರುಗಳ ಸಂದುಗಳಿಂದ ಆಳಕ್ಕೆ ಇಳಿಸುವುವು. ಮಳೆಗಾಲದಲ್ಲಿ ಹೀಗೆ ಒಳಸೇರಿದ ನೀರು ಬೇಸಗೆಯಲ್ಲಿ ಒರತೆಯಾಗಿ ಹೊರಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಶ್ಚಿಮಘಟ್ಟದ ನದಿಗಳ ಕೊಳ್ಳಗಳನ್ನು ಅಭ್ಯಸಿಸಿ, ಜಲಾನಯನದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆ‌ಚ್ಚು ಭಾಗವು ಸಹಜವಾದ ಕಾಡಾಗಿದ್ದರೆ ಹಳ್ಳಗಳು ಹನ್ನೆರಡು ತಿಂಗಳೂ ಹರಿಯುವುವೆಂದೂ, ಏಕಜಾತಿಯ ನೆಡುತೋಪುಗಳೇ ತುಂಬಿರುವ ಕಡೆ ನಾಲ್ಕಾರು ತಿಂಗಳು ಮಾತ್ರ ಹರಿಯುವುವೆಂದೂ ತೋರಿಸಿದ್ದಾರೆ. ನೆಡುತೋಪೂ ದೂರದಿಂದ ಹಸುರಾಗಿಯೇ ಕಾಣುವುದು. ಆದರೆ ಹಸುರೆಲ್ಲವೂ ಕಾನಲ್ಲ.

ಕಾನಿನಲ್ಲಿ ಆಶ್ರಯವನ್ನು ಪಡೆದಿರುವ ಜೀವಿಗಳ ವಿಷಯವನ್ನೂ ಹೇಳಬೇಕು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ಹೆಸರೇ ಅದರ ದಟ್ಟಣೆಯನ್ನು ಹೇಳುವಂತೆ, ರಾಮಪತ್ರೆಯ ಬಳಗದ ಮರಗಳು ಜೌಗುನೆಲದಲ್ಲಿ ಊರುಗೋಲಿನಂಥ ಬೇರುಗಳನ್ನು ಚಾಚಿ ನಿಂತಿರುವುವು. ಬಹು ಪುರಾತನ ಕಾಲದ ಅರಣ್ಯದ ಅವಶೇಷಗಳೆಂದು ಇವು ಪರಿಗಣಿತವಾಗಿವೆ. ಅಲ್ಲಿಯೇ ದೊರೆತ ಗೇರಿನ ಬಳಗದ ವೃಕ್ಷವೊಂದನ್ನು ೨೦೦೦ದಲ್ಲಿ ವಿಜ್ಞಾನಿಗಳು ಹೊಸ ಜಾತಿಯೆಂದು ವರ್ಣಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಪಶ್ಚಿಮಘಟ್ಟವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಸಿಂಗಳೀಕವೂ ಈ ಸೀಮೆಯ ನಿತ್ಯಹಸುರಿನ ಕಾಡುಗಳಲ್ಲಿ ವಾಸಿಸುವುದು. ಇವುಗಳಿಗಾಗಿ ೨೦೧೧ರಲ್ಲಿ ಸುಮಾರು ೩೦೦ ಚದರ ಕಿಲೋಮೀಟರು ವಿಸ್ತಾರದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವು ಘೋಷಿತವಾಯಿತು. ೧೯೭೨ರ ವನ್ಯಜೀವಿ ಶಾಸನಕ್ಕೆ ೨೦೦೨ರಲ್ಲಿ ಆದ ತಿದ್ದುಪಡಿಯಿಂದ ಹುಟ್ಟಿದ ಈ ಬಗೆಯ ಮೀಸಲಿನಲ್ಲಿ, ಸ್ಥಳದ ಜನರೊಡನೆ ಸಮಾಲೋಚಿಸಿ, ಅವರನ್ನು ಒಕ್ಕಲೆಬ್ಬಿಸದೆಯೇ ರಕ್ಷಣೆಯು ನಡೆಯತಕ್ಕದ್ದು. ೨೦೦೨ರ ಜೀವವೈವಿಧ್ಯ ಶಾಸನದ ಮೇರೆಗೆ ಪ್ರತಿಯೊಂದು ಗ್ರಾಮಪಂಚಾಯಿತಿಯಲ್ಲಿಯೂ ಸಮಿತಿಯೊಂದಿದ್ದು, ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆಯನ್ನು ಇಡಬೇಕಾಗಿರುವುದು. ೨೦೦೬ರ ಅರಣ್ಯಹಕ್ಕು ಶಾಸನವು ಕಾಡನ್ನು ಬಳಸುವ ಸಮುದಾಯಕ್ಕೆ ಅದನ್ನು ಕಾಯುವ ಅಧಿಕಾರವನ್ನೂ ಕೊಟ್ಟಿತು. ಪಾಲು, ಹೊಣೆ, ಮಿತಿ ಎಂಬ ಹಳೆಯ ಮೂರು ಸೂತ್ರಗಳಿಗೇ ಹೊಸ ಶಾಸನಗಳು ಮರಳಿಬಂದಿರುವುವೆಂದು ಇದರಿಂದ ತಿಳಿಯಬಹುದು. ಆದರೆ ಶಾಸನವು ಕಾಗದದಲ್ಲಿದ್ದರೆ ಸಾಲದು. ಅದನ್ನು ನಡೆಯಿಸುವವರು ಊರಿನಲ್ಲಿರಬೇಕು.

ಉಪಸಂಹಾರ

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕ ತತ್ತ್ವವು ಸರಳವಾಗಿದೆ. ಫಲದಲ್ಲಿ ಪಾಲಿಲ್ಲದವನು ಕಾಯಲಾರನು. ಪಾಲಿದ್ದರೂ ಮಿತಿಯನ್ನರಿಯದವನು ಉಳಿಸಲಾರನು. ಜನರನ್ನು ಹೊರಗಿಟ್ಟು ಕಾಡನ್ನು ಕಾಯಹೊರಟ ಸರಕಾರವೂ, ಕಾಡನ್ನು ಹೊರಗಿಟ್ಟು ಬೇಸಾಯವನ್ನು ಬೆಳೆಸಹೊರಟ ಒಕ್ಕಲಿಗನೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡಿದವರು. ಬೇಕಾದಷ್ಟನ್ನು ತೆಗೆದುಕೊಂಡು ಉಳಿದುದನ್ನು ಇತರರಿಗಾಗಿ ಬಿಡಬೇಕೆಂಬ ದಾಸೋಹದ ಭಾವನೆಯಲ್ಲಿ ಬೆಳೆದ ಭಕ್ತರಿಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಆ ಇತರರಲ್ಲಿ ಮುಂದೆ ಹುಟ್ಟುವವರೂ, ಮಾತಿಲ್ಲದ ಜೀವಿಗಳೂ ಸೇರಿರುವರೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಮಾಡತಕ್ಕ ಕೆಲಸಗಳು ದೂರದಲ್ಲಿಲ್ಲ. ಬೆಟ್ಟವುಳ್ಳವರು ಮರದ ನೆತ್ತಿಯನ್ನು ಸವರದೆ ಬಿಡುವುದು. ಹಳ್ಳದ ಹುಟ್ಟಿನಲ್ಲಿ ಹೊಸ ತೋಟವನ್ನೂ ಶುಂಠಿಯ ಸಾಲನ್ನೂ ಹಾಕದಿರುವುದು. ಬೋಳಾದ ನೆಲದಲ್ಲಿ ಒಂದೇ ಜಾತಿಯ ಗಿಡಗಳ ಬದಲು ಹಲಸು, ಉಪ್ಪಾಗೆ, ಬೈನೆ, ರಾಮಪತ್ರೆ ಮುಂತಾದ ಊರಮರಗಳನ್ನು ನೆಡುವುದು. ಕೆರೆಯ ಹೂಳನ್ನು ವರ್ಷಕ್ಕೊಮ್ಮೆ ಊರವರು ಕೂಡಿ ಎತ್ತುವುದು. ಪಂಚಾಯಿತಿಯ ಜೀವವೈವಿಧ್ಯದ ದಾಖಲೆಯಲ್ಲಿ ತಮ್ಮೂರಿನ ಕಾನಿನ ಹೆಸರು, ಎಲ್ಲೆ, ಹಳ್ಳ, ಮರಗಳು ಸರಿಯಾಗಿ ಬರೆದಿವೆಯೋ ಇಲ್ಲವೋ ಎಂದು ವಿಚಾರಿಸುವುದು. ಭೂಮಿಯಿಲ್ಲದ ನೆರೆಯವನಿಗೆ ಕಾನಿನ ಫಲದಲ್ಲಿ ನ್ಯಾಯವಾದ ಪಾಲು ದೊರೆಯುವಂತೆ ನೋಡಿಕೊಳ್ಳುವುದು. ಬಯಲುಸೀಮೆಯವರು ತಮ್ಮ ಕೆರೆ, ಗೋಮಾಳ, ಗುಂಡುತೋಪುಗಳ ವಿಷಯದಲ್ಲಿ ಇದನ್ನೇ ಆಚರಿಸಬಹುದು.

೧೮೬೮ರ ವರದಿಯಲ್ಲಿ ಎಣಿಕೆಗೆ ಬಂದ ಸೊರಬದ ೧೭೧ ಕಾನುಗಳಲ್ಲಿ ತಮ್ಮೂರಿನದು ಇದ್ದಿತೇ, ಇದ್ದರೆ ಅದು ಈಗ ಎಷ್ಟು ಉಳಿದಿದೆ ಎಂಬುದನ್ನು ಆ ಸೀಮೆಯ ಶಿಷ್ಯರು ಹಿರಿಯರನ್ನು ಕೇಳಿ ಬರೆದಿಡಲಿ. ಹಾಗೆ ಬರೆದಿಟ್ಟದ್ದು ಮುಂದಿನ ಚರಿತ್ರಕಾರನಿಗೆ ದಾನಶಾಸನದಷ್ಟೇ ಉಪಯುಕ್ತವಾಗುವುದು. ಮಳೆಯು ಹದವಾಗಿ ಬರಲಿ, ಒರತೆಗಳು ಬತ್ತದಿರಲಿ, ಗದ್ದೆಯೂ ಕಾನೂ ಒಂದರ ನೆರಳಿನಲ್ಲಿ ಇನ್ನೊಂದು ಬಾಳಲಿ, ಸರ್ವರಿಗೂ ಸನ್ಮಂಗಳವಾಗಲಿ.